ಗಂಡ ಚುನಾವಣೆಗೆ ನಿಂತರೆ ನಾನು ಕರಿ ಕೋಟು ಬಿಚ್ಚಿಡಬೇಕಾ?

ಓದುಗರ ಪ್ರಶ್ನೆ: "ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹದಿನಾಲ್ಕು ವರ್ಷದಿಂದ ವಕಾಲತ್ತು ಮಾಡುತ್ತಿದ್ದೇನೆ. ಹಿಸ್ಸೆ ದಾವೆ, ಜಮೀನಿನ ತಂಟೆ, ತಹಶೀಲ್ದಾರ್ ಮತ್ತು ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ಖಾತೆ ತಕರಾರು, ಇವೇ ಜಾಸ್ತಿ. ಬೆಳಿಗ್ಗೆ ಎರಡು ತಾಸು ಖಾಸಗಿ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಯಜಮಾನರಿಗೆ ಮುಂದಿನ ವಿಧಾನಸಭೆ ಚುನಾವಣೆಯ ಟಿಕೆಟ್ ಸಿಗುವ ಮಾತಿದೆ. 'ಇನ್ನು ಕೋರ್ಟು ಸಾಕು, ಕಮಲಾ ಹ್ಯಾರಿಸ್ ಗಂಡನೇ ವಕೀಲಿ ಬಿಟ್ಟನಂತೆ' ಎಂದು ಮಾವನವರು ಹೇಳುತ್ತಾರೆ. ಬಾರ್ ರೂಮಿನಲ್ಲಿ 'ಇನ್ನೇನು, ನೀವೇ ಎಜಿಪಿ (ಸರ್ಕಾರಿ ವಕೀಲೆ) ಮೇಡಂ' ಅಂತಾರೆ. ನನ್ನ ಫೀ, ಬಂಗಾರ, ತವರಿನ ಜಮೀನು ಎಲ್ಲ ಅವರ ಅಫಿಡವಿಟ್ಟಿಗೆ ಹೋಗುತ್ತಾ? ಕಕ್ಷಿದಾರರ ಗುಟ್ಟು ಹೊರಬೀಳುತ್ತಾ? ಟಿಕೆಟ್ ಸುದ್ದಿ ಹಬ್ಬಿದ ಮೇಲೆ ಕೇಸು ತರುವವರು ಹೆಚ್ಚಾಗಿದ್ದಾರೆ. ಖುಷಿ ಪಡಬೇಕೋ ಹೆದರಬೇಕೋ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ."

ಮೇಡಂ, ನಿಮ್ಮ ಪತ್ರದಲ್ಲಿ ಕಾನೂನಿನ ಪ್ರಶ್ನೆಗಳು ನಾಲ್ಕೈದು ಇವೆ. ಅವುಗಳ ಅಡಿಯಲ್ಲಿ ಇನ್ನೊಂದು ಅಂಜಿಕೆ ಇದೆ. ಹದಿನಾಲ್ಕು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ಇನ್ನು ಮೇಲೆ ನಿಮ್ಮದಾಗಿ ಉಳಿಯುತ್ತಾ ಅನ್ನುವುದು. ಗೆದ್ದರೆ "ಗಂಡನ ಪ್ರಭಾವ" ಅಂತಾರೆ. ಸೋತರೆ "ಪ್ರಭಾವ ಇದ್ದೂ ಗೆಲ್ಲಲಿಲ್ಲ" ಅಂತಾರೆ. ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಕೆಲಸ ಮಾಡುವ ನನ್ನಂಥವರ ಹತ್ತಿರ ಇಂಥ ಪ್ರಶ್ನೆ ಹೊತ್ತು ಬರುವ ಹೆಣ್ಣುಮಕ್ಕಳು ಇದ್ದಾರೆ. ಹೆಚ್ಚಿನವರು ಬರುವುದು ಮಾತ್ರ ತಡವಾಗಿ, ನೋಟಿಸ್ ಕೈಗೆ ಬಂದ ಮೇಲೆ. ನೀವು ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು.

ಮೊದಲು ದೊಡ್ಡ ಪ್ರಶ್ನೆ. ರಾಜಕಾರಣಿಯ ಹೆಂಡತಿ ವಕಾಲತ್ತು ಮಾಡಬಾರದು ಅಂತ ಯಾವ ಕಾನೂನೂ ಇಲ್ಲ. 1961ರ ವಕೀಲರ ಕಾಯ್ದೆಯಲ್ಲಿ ಇಲ್ಲ, ಬಾರ್ ಕೌನ್ಸಿಲ್ ನಿಯಮಗಳಲ್ಲೂ ಇಲ್ಲ. ಅಷ್ಟೇ ಅಲ್ಲ, ಶಾಸಕರೇ ಕೋಟು ಹಾಕಿಕೊಂಡು ವಾದ ಮಾಡಬಹುದು. ಸಂಸದರು, ಶಾಸಕರು ವಕಾಲತ್ತು ಮಾಡದಂತೆ ತಡೆಯಬೇಕು ಅಂತ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹೋಗಿತ್ತು. 2018ರ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಅವರು ಪೂರ್ಣಾವಧಿಯ ಸಂಬಳದ ನೌಕರರಲ್ಲ, ಹಾಗಾಗಿ ತಡೆಯಲು ನಿಯಮ ಇಲ್ಲ ಅಂದಿತು. ನಿಮ್ಮ ಯಜಮಾನರೇ ವಕೀಲರಾಗಿದ್ದು ಗೆದ್ದಿದ್ದರೂ ಕೋರ್ಟಿಗೆ ಬರಬಹುದಿತ್ತು. ನಿಮ್ಮನ್ನು ತಡೆಯುವವರು ಯಾರು?

ಪಾಠದ ವಿಷಯವೂ ಹೀಗೆಯೇ. ವಕೀಲರು ಕಾನೂನು ಪಾಠ ಮಾಡಬಹುದು ಅಂತ 1979ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ದಿನಕ್ಕೆ ಮೂರು ತಾಸು ಮೀರಬಾರದು, ಅಷ್ಟೇ. ನಿಮ್ಮದು ಎರಡು ತಾಸು. ಆದರೆ ನಾಳೆ ಆಡಳಿತ ಮಂಡಳಿಯವರು, ಶಾಸಕರ ಮನೆಯವರು ಅಂತಲೇ, "ಪೂರ್ಣಾವಧಿಗೆ ಬನ್ನಿ, ಪ್ರಿನ್ಸಿಪಾಲ್ ಮಾಡುತ್ತೇವೆ" ಅಂತ ಕರೆಯಬಹುದು. ಅದು ಬೇರೆ ಲೆಕ್ಕ. ಪೂರ್ಣಾವಧಿ ಸಂಬಳ ಹಿಡಿದರೆ ವಕೀಲಿಯ ಸನ್ನದು ಅಮಾನತಿನಲ್ಲಿಡಬೇಕಾಗುತ್ತದೆ.

ಇನ್ನು ಮಾವನವರು ಹೇಳಿದ ಅಮೆರಿಕದ ಕಥೆ. ಕಮಲಾ ಹ್ಯಾರಿಸ್ ಅವರ ಗಂಡ ಡಗ್ ಎಮ್‌ಹಾಫ್ ವಕೀಲಿ ಬಿಟ್ಟದ್ದು ನಿಜ. ಮನರಂಜನಾ ಉದ್ಯಮದ ವ್ಯಾಜ್ಯಗಳಲ್ಲಿ ಹೆಸರು ಮಾಡಿದ ವಕೀಲರು ಅವರು. 2020ರ ಆಗಸ್ಟಿನಲ್ಲಿ ಹೆಂಡತಿ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿಯಾದಾಗ ಡಿಎಲ್‌ಎ ಪೈಪರ್ ಎಂಬ ಕಂಪನಿಯಿಂದ ರಜೆ ಹಾಕಿದರು. ಗೆದ್ದ ಮೇಲೆ ಪೂರ್ತಿ ಹೊರಬಂದರು. 2021ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಪಾಠ ಶುರು ಮಾಡಿದರು. ಮಾವನವರ ಕಥೆಯಲ್ಲಿ ಬಿಟ್ಟುಹೋಗಿರುವ ಸಂಗತಿ ಎಂದರೆ, 2025ರ ಜನವರಿಯಲ್ಲಿ ಹೆಂಡತಿಯ ಅವಧಿ ಮುಗಿದ ಮೇಲೆ ಅವರು ಇನ್ನೊಂದು ದೊಡ್ಡ ಲಾ ಕಂಪನಿ ಸೇರಿದರು.

ಅವರು ಯಾಕೆ ಬಿಡಬೇಕಾಯಿತು? ಅಲ್ಲಿನ ದೊಡ್ಡ ಲಾ ಕಂಪನಿಗಳಲ್ಲಿ ನೂರಾರು ಪಾಲುದಾರರು ಇರುತ್ತಾರೆ. ಒಬ್ಬರ ಕಕ್ಷಿದಾರ ಎಂದರೆ ಇಡೀ ಕಂಪನಿಯ ಕಕ್ಷಿದಾರ. ಆ ಕಂಪನಿ ವಾಷಿಂಗ್ಟನ್ನಿನಲ್ಲಿ ಸರ್ಕಾರದ ಮುಂದೆ ಕಂಪನಿಗಳ ಪರವಾಗಿ ಲಾಬಿಯನ್ನೂ ಮಾಡುತ್ತಿತ್ತು. ಎಮ್‌ಹಾಫ್ ಸ್ವತಃ ಲಾಬಿ ಮಾಡದಿದ್ದರೂ ಪಾಲುದಾರರಾಗಿದ್ದರಿಂದ ಮಾತು ಬರುತ್ತಿತ್ತು. ನಿಮಗೆ ಹಾಗಿಲ್ಲ. ವಕಾಲತ್‌ನಾಮೆಗೆ ನೀವು ಸಹಿ ಹಾಕಿದ ಕೇಸಷ್ಟೇ ನಿಮ್ಮದು.

ನಿಮ್ಮ ಸ್ಥಿತಿಗೆ ಹತ್ತಿರದ ಉದಾಹರಣೆ ಇಂಗ್ಲೆಂಡಿನದು. ಟೋನಿ ಬ್ಲೇರ್ 1997ರಿಂದ 2007ರ ತನಕ ಪ್ರಧಾನಿಯಾಗಿದ್ದರು. ಅವರ ಹೆಂಡತಿ ಚೆರಿ ಬೂತ್ ಅಷ್ಟೂ ವರ್ಷ ಬ್ಯಾರಿಸ್ಟರ್ ಕೆಲಸ ಬಿಡಲಿಲ್ಲ, ಅದೂ ತವರಿನ ಹೆಸರಿನಲ್ಲೇ. 2000ದಲ್ಲಿ ಹೆತ್ತವರ ರಜೆಯ ನಿಯಮ ಪ್ರಶ್ನಿಸಿ ಕಾರ್ಮಿಕ ಸಂಘಗಳ ಒಕ್ಕೂಟ ಹೈಕೋರ್ಟಿಗೆ ಹೋಯಿತು. ಆಗ ಒಕ್ಕೂಟದ ಪರ, ಅಂದರೆ ಗಂಡನ ಸರ್ಕಾರದ ವಿರುದ್ಧ, ವಾದ ಮಾಡಿದವರು ಅವರೇ. ಅಲ್ಲಿ ಬ್ಯಾರಿಸ್ಟರುಗಳು ಒಬ್ಬೊಬ್ಬರಾಗಿ ಕೆಲಸ ಮಾಡುತ್ತಾರೆ, ನಮ್ಮ ತಾಲ್ಲೂಕು ವಕೀಲರ ಹಾಗೆ.

ಎಚ್ಚರಿಕೆಗೆ ಮೂರನೆಯ ಉದಾಹರಣೆಯೂ ಇದೆ. ಹಿಲರಿ ಕ್ಲಿಂಟನ್ 1974ರಲ್ಲಿ ಅರ್ಕಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ಶುರು ಮಾಡಿದರು. ಆಮೇಲೆ ಲಿಟಲ್ ರಾಕ್ ನಗರದ ರೋಸ್ ಲಾ ಕಂಪನಿ ಸೇರಿ 1979ರಲ್ಲಿ ಪಾಲುದಾರರಾದರು. ಗಂಡ ಅದೇ ರಾಜ್ಯದ ಗವರ್ನರ್. ಆ ಕಂಪನಿಗೆ ರಾಜ್ಯ ಸರ್ಕಾರದ ಕೆಲಸವೂ ಬರುತ್ತಿತ್ತು, ರಾಜ್ಯದ ನಿಯಂತ್ರಣ ಇಲಾಖೆಗಳ ಮುಂದೆ ಕಕ್ಷಿದಾರರ ಕೆಲಸವೂ ಇತ್ತು. 1992ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರಾಳಿಗಳು ಇದನ್ನೇ ಹಿಡಿದರು. ಸರ್ಕಾರದ ಕೆಲಸದ ಫೀಯಲ್ಲಿ ತಾವು ಪಾಲು ಪಡೆದಿಲ್ಲ ಅಂತ ಅವರು ವಿವರಣೆ ಕೊಟ್ಟರು. ಆದರೂ ಆ ಮಾತು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಮೂವರೂ ವಕೀಲರು, ಮೂವರ ಸಂಗಾತಿಯೂ ರಾಜಕಾರಣಿ. ಅವರ ಕೆಲಸ ಯಾರ ಮುಂದೆ ನಡೆಯುತ್ತಿತ್ತು, ಆ ಕುರ್ಚಿಯಲ್ಲಿದ್ದವರು ಸಂಗಾತಿಯ ಮಾತಿಗೆ ತಲೆಬಾಗುವವರೇ ಅನ್ನುವುದರಿಂದ ತೊಂದರೆಯ ಅಳತೆ ಬದಲಾಯಿತು.

ಈಗ ನಿಮ್ಮ ತಾಲ್ಲೂಕಿಗೆ ಬನ್ನಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ತಹಶೀಲ್ದಾರ್ ಮತ್ತು ಎಸಿ ಕೋರ್ಟಿನ ಖಾತೆ ತಕರಾರು" ಅನ್ನುವ ಸಾಲು. ಸಿವಿಲ್ ನ್ಯಾಯಾಧೀಶರಿಗೆ ಶಾಸಕರ ಹಂಗಿಲ್ಲ. ಅವರ ವರ್ಗಾವಣೆ, ಬಡ್ತಿ ಎಲ್ಲ ಹೈಕೋರ್ಟಿನ ಕೈಯಲ್ಲಿದೆ. ಅಲ್ಲಿ ನಿಮ್ಮ ಹಿಸ್ಸೆ ದಾವೆಗಳನ್ನು ನೀವು ತಲೆ ಎತ್ತಿ ನಡೆಸಬಹುದು. ತಹಶೀಲ್ದಾರರ ಮಾತು ಬೇರೆ. ಶಾಸಕರು ನಡೆಸುವ ಕೆಡಿಪಿ (ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಅವರು ಫೈಲು ಹಿಡಿದು ಉತ್ತರ ಕೊಡಬೇಕು. ಸೋಮವಾರ ನಿಮ್ಮ ಯಜಮಾನರು ಸಭೆಯಲ್ಲಿ "ಯಾಕ್ರೀ ತಡ" ಅಂತ ಕೇಳುತ್ತಾರೆ. ಬುಧವಾರ ಅದೇ ತಹಶೀಲ್ದಾರರ ಮುಂದೆ ನೀವು ಖಾತೆ ತಕರಾರಿನಲ್ಲಿ ನಿಂತಿರುತ್ತೀರಿ. ನೀವು ಬಾಯಿ ಬಿಡದಿದ್ದರೂ ಅವರಿಗೆ ಗೊತ್ತು, ಎದುರು ಪಕ್ಷಗಾರನಿಗೂ ಗೊತ್ತು. ಆದೇಶ ನಿಮ್ಮ ಕಡೆ ಆದರೆ, ಅದು ಎಷ್ಟೇ ನ್ಯಾಯವಾಗಿದ್ದರೂ, ಅನುಮಾನ ಉಳಿಯುತ್ತದೆ. ಭೂಕಂದಾಯ ಕಾಯ್ದೆಯ ಕಲಂ 136ರಲ್ಲಿ ಎಸಿ ಮುಂದೆ ಮೇಲ್ಮನವಿ ಹಾಕುವಾಗ ಎದುರಿನವರು ಮೊದಲು ಬರೆಯುವ ಕಾರಣವೂ ಅದೇ ಆಗಿರುತ್ತದೆ.

ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ ಸಕ್ರಮದ ಕೇಸು, ಅಂತೂ ಮುಟ್ಟಲೇಬೇಡಿ. ಸಕ್ರಮ ಸಮಿತಿಗೆ ಸಾಮಾನ್ಯವಾಗಿ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಮೂನೆ 50, 53, 57ರ ಅರ್ಜಿ ಹಾಕಿ ಕಾಯುತ್ತಿರುವ ರೈತರು ನಿಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಪಹಣಿ, ಹಳೆಯ ದಂಡದ ರಸೀದಿ, ಮೇಲೆ ಒಂದು ಡಜನ್ ಬಾಳೆಹಣ್ಣು. "ಅಕ್ಕಾರ, ನಿಮ್ಮ ಫೀ ಎಷ್ಟಾದ್ರೂ ಆಗ್ಲಿ, ಸಾಹೇಬ್ರಿಗೆ ಒಂದ್ ಮಾತು ಹೇಳ್ರಿ." ಆ ಮನುಷ್ಯನಲ್ಲಿ ಯಾವ ಕಪಟವೂ ಇಲ್ಲ. ಎರಡು ಎಕರೆಗಾಗಿ ಅವನ ಅಪ್ಪನ ಕಾಲದಿಂದ ಓಡಾಡಿದ್ದಾನೆ. ಆದರೆ ಆ ಒಂದು ವಾಕ್ಯದಲ್ಲಿ ನಿಮ್ಮ ಫೀಯ ಬಣ್ಣವೇ ಬದಲಾಗಿಬಿಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಕಲಂ 7ಎ ಸೇರಿತು. ಸಾರ್ವಜನಿಕ ನೌಕರನು ತನ್ನ ಕೆಲಸವನ್ನು ತಪ್ಪಾಗಿ ಮಾಡುವಂತೆ ವೈಯಕ್ತಿಕ ಪ್ರಭಾವ ಬೀರುತ್ತೇನೆ ಅಂತ ಯಾರು ಲಾಭ ಪಡೆದರೂ ಅದು ಅಪರಾಧ. ಹಾಗೆ ಪಡೆಯುವವರು ಸರ್ಕಾರಿ ನೌಕರರೇ ಆಗಿರಬೇಕಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ. ಈ ಕಾಯ್ದೆಯಡಿ ಶಾಸಕರೂ ಸಾರ್ವಜನಿಕ ನೌಕರರೇ. ನೀವು ನಿಜವಾಗಿಯೂ ಕೇಸು ನಡೆಸಿರಬಹುದು, ರಸೀದಿಯನ್ನೂ ಕೊಟ್ಟಿರಬಹುದು. ಆದರೆ "ಫೀ ಕೊಟ್ಟದ್ದು ವಾದಕ್ಕಲ್ಲ, ಶಾಸಕರ ಮಾತಿಗೆ" ಅಂತ ಒಬ್ಬ ದೂರು ಕೊಟ್ಟರೆ, ಮುಂದಿನ ಕೆಲವು ವರ್ಷ ನೀವು ಅದನ್ನು ಸುಳ್ಳು ಅಂತ ತೋರಿಸುವುದರಲ್ಲೇ ಕಳೆಯಬೇಕಾದೀತು.

ಹಾಗಾಗಿ ನನ್ನ ಸಲಹೆ ಇದು. ಟಿಕೆಟ್ ಖಚಿತವಾದ ದಿನದಿಂದ ಆ ಕ್ಷೇತ್ರದೊಳಗಿನ ಕಂದಾಯ ಕೋರ್ಟುಗಳಲ್ಲಿ, ಪುರಸಭೆ ಮತ್ತು ಪಂಚಾಯಿತಿ ಕಚೇರಿಗಳ ಮುಂದೆ ಹೊಸ ಕೇಸು ಹಿಡಿಯಬೇಡಿ. ಇರುವ ಕೇಸುಗಳನ್ನು ಕಕ್ಷಿದಾರರಿಗೆ ತಿಳಿಸಿ, ಬೇರೆ ವಕೀಲರು ಬರಲು ನಿರಾಕ್ಷೇಪಣೆ ಬರೆದುಕೊಟ್ಟು ಬಿಡಿ. ನಿಮ್ಮ ಜೂನಿಯರಿಗೇ ವಹಿಸಬೇಡಿ, ಅದರಿಂದ ಉಪಯೋಗವಿಲ್ಲ. ಫೀಯಲ್ಲಿ ಪಾಲಿಲ್ಲದ, ನಿಮ್ಮ ಆಫೀಸಿಗೆ ಸಂಬಂಧವಿಲ್ಲದ ವಕೀಲರ ಕಡೆಗೆ ಕಳುಹಿಸಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಬಂದ ಕೇಸನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳಬೇಕು ನಿಜ. ಆದರೆ ವಿಶೇಷ ಸಂದರ್ಭದಲ್ಲಿ ನಿರಾಕರಿಸಬಹುದು ಅಂತಲೂ ಅದೇ ನಿಯಮ ಹೇಳುತ್ತದೆ. ನಿಮ್ಮದು ಅಂಥದೇ ಸಂದರ್ಭ. ಆದಾಯ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬದಲಿಗೆ ಪಕ್ಕದ ತಾಲ್ಲೂಕಿನ ಸಿವಿಲ್ ಕೆಲಸ, ಜಿಲ್ಲಾ ಕೋರ್ಟಿನ ಮೇಲ್ಮನವಿ, ಕೌಟುಂಬಿಕ ದಾವೆ ನೋಡಿಕೊಳ್ಳಬಹುದು.

ಆಫೀಸು ಮನೆಯಲ್ಲಿದ್ದರೆ ಬೇರೆ ಮಾಡಿ. ಪಕ್ಷದ ಕಾರ್ಯಕರ್ತರು ಕೂರುವ ಪಡಸಾಲೆಯಲ್ಲೇ ಕಕ್ಷಿದಾರರೂ ಕೂತರೆ ಯಾರು ಯಾಕೆ ಬಂದರು ಅಂತ ನಿಮಗೇ ತಿಳಿಯುವುದಿಲ್ಲ.

ಎಜಿಪಿ ವಿಷಯ. "ಹೆಂಡತಿ ಸರ್ಕಾರಿ ವಕೀಲೆ ಆದರೆ ಗಂಡನ ಶಾಸಕ ಸ್ಥಾನ ಹೋಗುತ್ತೆ" ಅಂತ ಬಾರಿನಲ್ಲಿ ಕೆಲವರು ಹೆದರಿಸಬಹುದು. ಅದು ಸರಿಯಲ್ಲ. ಸಂವಿಧಾನದ 191ನೇ ವಿಧಿಯ ಲಾಭದ ಹುದ್ದೆ ನಿಯಮ ಶಾಸಕರು ತಾವೇ ಹಿಡಿದ ಹುದ್ದೆಗೆ ಸಂಬಂಧಿಸಿದ್ದು. ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 9ಎ ಹೇಳುವ ಗುತ್ತಿಗೆಯೂ ಅಭ್ಯರ್ಥಿಯದೇ, ಅದೂ ಸಾಮಾನು ಪೂರೈಕೆ ಇಲ್ಲವೇ ಕಾಮಗಾರಿಯದು. ಕಾನೂನು ತಡೆಯದಿದ್ದರೂ ಒಪ್ಪಿಕೊಳ್ಳಬೇಡಿ ಅಂತಲೇ ನಾನು ಹೇಳುವುದು. ಸರ್ಕಾರ ಆಯ್ಕೆ ಮಾಡುವ ಹುದ್ದೆ ಅದು. ಶಿಫಾರಸು ಯಾರದು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಪುರಸಭೆಯ ಪ್ಯಾನೆಲ್ ವಕೀಲಿಕೆಗೂ ಇದೇ ಮಾತು.

ಇನ್ನು ಅಫಿಡವಿಟ್. ಆಸ್ತಿ ತನ್ನ ಹೆಸರಲ್ಲಿದ್ದರೆ ಗಂಡನ ಕಾಗದದಲ್ಲಿ ಬರುವುದಿಲ್ಲ ಅಂತ ಅನೇಕ ಹೆಣ್ಣುಮಕ್ಕಳು ನಂಬಿದ್ದಾರೆ. ಬರುತ್ತದೆ. ನಾಮಪತ್ರದ ಜೊತೆಗಿನ ನಮೂನೆ 26ರಲ್ಲಿ ಸಂಗಾತಿಗೆ ಬೇರೆ ಕಾಲಂ ಇದೆ. ನಿಮ್ಮ ಪ್ಯಾನ್, ಐದು ವರ್ಷದ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಆದಾಯ, ಬ್ಯಾಂಕ್ ಠೇವಣಿ, ಬಂಗಾರದ ತೂಕ ಮತ್ತು ಬೆಲೆ, ಗಾಡಿ, ಜಮೀನು, ಸಾಲ, ಉದ್ಯೋಗ, ಎಲ್ಲ ಬರೆಯಬೇಕು. ಸಂಗಾತಿಯ ಆದಾಯದ ಮೂಲವನ್ನೂ ಹೇಳಬೇಕು ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ತವರಿನ ಜಮೀನಿನಲ್ಲಿ ನಿಮ್ಮ ಪಾಲು ಇನ್ನೂ ಹಿಸ್ಸೆ ಆಗಿಲ್ಲ ಅಂದರೂ ಪಾಲು ಇರುವುದನ್ನು ಬರೆಯಿರಿ. ಹಿಸ್ಸೆ ದಾವೆ ನಡೆಸುವ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ನಿಮ್ಮ ವಿದ್ಯಾರ್ಥಿಗಳೂ ಓದುತ್ತಾರೆ. ಮನಸ್ಸಿಗೆ ಕಸಿವಿಸಿ ಆಗುವುದು ಸಹಜ.

ಕಕ್ಷಿದಾರರ ಗುಟ್ಟು ಮಾತ್ರ ಹೊರಬೀಳುವುದಿಲ್ಲ. ಅಲ್ಲಿ ಕೇಳುವುದು ಒಟ್ಟು ಮೊತ್ತ. ಯಾರು ಎಷ್ಟು ಫೀ ಕೊಟ್ಟರು ಅಂತ ಹೆಸರು ಬರೆಯುವ ಕಾಲಂ ಇಲ್ಲ. ತೊಂದರೆ ಬರುವುದು ಇನ್ನೊಂದು ಕಡೆಯಿಂದ. ನಮ್ಮಲ್ಲಿ ಎಷ್ಟೋ ವಕೀಲರು ಕಕ್ಷಿದಾರರ ಹಣವನ್ನು ಸ್ವಂತ ಖಾತೆಯಲ್ಲೇ ಇಟ್ಟುಕೊಳ್ಳುತ್ತಾರೆ. ರಾಜಿಯ ಹಣ, ಕೋರ್ಟಿಗೆ ಕಟ್ಟಬೇಕಾದ ಶುಲ್ಕ, ಇಂಥವು. ನಾಮಪತ್ರದ ವೇಳೆಗೆ ಖಾತೆಯಲ್ಲಿ ಬೇರೆಯವರ ಎಂಟು ಲಕ್ಷ ಇದ್ದರೆ ಅದು ನಿಮ್ಮ ಆಸ್ತಿ ಅಂತ ಕಾಣುತ್ತದೆ. ಬರೆದರೆ "ಎಲ್ಲಿಂದ ಬಂತು" ಅಂತ ಪ್ರಶ್ನೆ. ಬಿಟ್ಟರೆ "ಮುಚ್ಚಿಟ್ಟರು" ಅಂತ ದೂರು. ಈಗಲೇ ಬೇರೆ ಖಾತೆ ತೆರೆದು ಆ ಹಣ ಅಲ್ಲಿಗೆ ಹಾಕಿ, ಲೆಕ್ಕದ ಪುಸ್ತಕ ಇಡಿ. ಫೀಯನ್ನು ನಗದಾಗಿ ತೆಗೆದುಕೊಂಡರೂ ರಸೀದಿ ಕೊಡಿ, ಖಾತೆಗೆ ಕಟ್ಟಿ.

ಸಣ್ಣ ಆಸ್ತಿ ಬಿಟ್ಟುಹೋದರೆ ಆಯ್ಕೆಯೇ ರದ್ದಾಗುತ್ತಾ? ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಪ್ರಕರಣ ನೋಡಿ. 2019ರಲ್ಲಿ ಗೆದ್ದ ಶಾಸಕರ ಅಫಿಡವಿಟ್ಟಿನಲ್ಲಿ ಹೆಂಡತಿಯ ಹೆಸರಿನ ಒಂದು ಕೈನೆಟಿಕ್ ಝಿಂಗ್ ಸ್ಕೂಟಿ, ಒಂದು ಮಾರುತಿ ಓಮ್ನಿ, ಮಗನ ಒಂದು ಟಿವಿಎಸ್ ಬೈಕ್ ಬಿಟ್ಟುಹೋಗಿದ್ದವು. ಗಾಡಿಗಳು ಆಗಲೇ ಕೈಬಿಟ್ಟುಹೋಗಿದ್ದವು, ದಾಖಲೆಯಲ್ಲಿ ಮಾತ್ರ ಹೆಸರು ಉಳಿದಿತ್ತು. ಇದನ್ನೂ ಒಂದು ಕಾರಣ ಮಾಡಿ ಹೈಕೋರ್ಟ್ ಆಯ್ಕೆ ರದ್ದು ಮಾಡಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಪ್ರತಿಯೊಂದು ಸಣ್ಣ ಚರಾಸ್ತಿಯನ್ನೂ ಹೇಳಬೇಕಿಲ್ಲ, ದೊಡ್ಡ ಬೆಲೆಯದು ಇಲ್ಲವೇ ಅಭ್ಯರ್ಥಿಯ ಜೀವನಶೈಲಿ ತೋರಿಸುವಂಥದು ಮುಚ್ಚಿಟ್ಟರೆ ಮಾತ್ರ ತಪ್ಪು ಅಂದಿತು. ಗೆದ್ದರು ನಿಜ, ಆದರೆ ಒಂದು ಹಳೆಯ ಸ್ಕೂಟಿಗಾಗಿ ಐದು ವರ್ಷ ಕೋರ್ಟು ಅಲೆದರು. ನಿಮ್ಮ ಹೆಸರಲ್ಲಿ ಆರ್‌ಸಿ ಉಳಿದ ಹಳೆಯ ಗಾಡಿ ಇದ್ದರೆ ಆರ್‌ಟಿಒ ಕಚೇರಿಗೆ ಹೋಗಿ ಬದಲಾಯಿಸಿಕೊಂಡು ಬನ್ನಿ. ಬೇಕಂತಲೇ ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು ಇದೆ.

ಗೆದ್ದ ಮೇಲೂ ಇದು ಮುಗಿಯುವುದಿಲ್ಲ. ಕರ್ನಾಟಕದ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು, ಕುಟುಂಬದವರದ್ದೂ ಸೇರಿ. ನಾಮಪತ್ರದ ಅಂಕಿ, ಲೋಕಾಯುಕ್ತದ ಅಂಕಿ, ನಿಮ್ಮ ತೆರಿಗೆ ರಿಟರ್ನ್ ಮೂರೂ ತಾಳೆಯಾಗಬೇಕು. ಒಬ್ಬರೇ ಆಡಿಟರ್ ನೋಡಿಕೊಂಡರೆ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾಳೆ ಯಾರಾದರೂ "ಈ ಸೈಟು ಮೇಡಂ ಹೆಸರಿಗೆ ಇರಲಿ, ವಕೀಲರಲ್ವಾ, ಫೀ ಅಂತ ತೋರಿಸಬಹುದು" ಅಂದರೆ ಯಜಮಾನರ ಮುಂದೆಯೇ ಬೇಡ ಅನ್ನಿ. ಆದಾಯದ ಮಿತಿ ಮೀರಿದ ಆಸ್ತಿ ಪ್ರಕರಣದಲ್ಲಿ ಅಧಿಕಾರ ಇಲ್ಲದ ಖಾಸಗಿ ವ್ಯಕ್ತಿಯನ್ನೂ ಕುಮ್ಮಕ್ಕಿನ ಆರೋಪಿ ಮಾಡಬಹುದು ಅಂತ 1999ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ. ನಮ್ಮ ಬೆಂಗಳೂರಿನಲ್ಲೇ ವಿಚಾರಣೆ ನಡೆದ ಜಯಲಲಿತಾ ಆಸ್ತಿ ಪ್ರಕರಣ ನೆನಪಿರಬಹುದು. 2017ರಲ್ಲಿ ಜೈಲಿಗೆ ಹೋದ ಮೂವರೂ ಯಾವ ಅಧಿಕಾರದಲ್ಲೂ ಇದ್ದವರಲ್ಲ. ಆಸ್ತಿ ಅವರ ಹೆಸರುಗಳಲ್ಲಿತ್ತು.

ಮನೆಯೊಳಗಿನ ಮಾತಿಗೂ ಒಂದು ಗೆರೆ ಬೇಕು. ಕಕ್ಷಿದಾರರು ನಿಮಗೆ ಹೇಳಿದ್ದನ್ನು ಗಂಡನಿಗೂ ಹೇಳುವಂತಿಲ್ಲ. ಹೊಸ ಸಾಕ್ಷ್ಯ ಅಧಿನಿಯಮದ ಕಲಂ 132 ಅದನ್ನು ಕಾಯುತ್ತದೆ. ಗಂಡ ಹೆಂಡಿರ ನಡುವಿನ ಮಾತಿಗೆ ಕಲಂ 128ರ ರಕ್ಷಣೆ ಇದೆ. ಕಷ್ಟ ಬರುವುದು ವಿರೋಧಿ ಪಕ್ಷದ ಮುಖಂಡನ ಹಿಸ್ಸೆ ದಾವೆ ಈಗಾಗಲೇ ನಿಮ್ಮ ಕೈಯಲ್ಲಿದ್ದರೆ. ಸಣ್ಣ ಊರಿನಲ್ಲಿ ಅದು ಇದ್ದೇ ಇರುತ್ತದೆ. ಅವರನ್ನು ಕರೆದು ನೇರವಾಗಿ ಕೇಳಿ. ಅವರು "ನೀವೇ ಇರ್ರಿ" ಅಂದರೆ ಅದಕ್ಕಿಂತ ದೊಡ್ಡ ಗೌರವ ವಕೀಲರಿಗಿಲ್ಲ. ಬರೆಸಿಕೊಂಡು ಮುಂದುವರಿಯಿರಿ.

ಕಾಲೇಜಿನಲ್ಲಿ ತೊಂದರೆ ಕಡಿಮೆ. ಖಾಸಗಿ ಕಾಲೇಜಿನ ಅರೆಕಾಲಿಕ ಉಪನ್ಯಾಸಕಿ ಸರ್ಕಾರಿ ನೌಕರಳಲ್ಲ, ಹಾಗಾಗಿ ಪ್ರಚಾರಕ್ಕೆ ಹೋಗಲು ಅಡ್ಡಿ ಇಲ್ಲ. ಸರ್ಕಾರಿ ಕಾಲೇಜಿನ ನೌಕರಿಯಲ್ಲಿದ್ದಿದ್ದರೆ ಅಭ್ಯರ್ಥಿಯ ಏಜೆಂಟ್ ಆಗಿ ಕೂರುವುದೇ ಅಪರಾಧವಾಗುತ್ತಿತ್ತು. ಇಂಟರ್ನಲ್ ಮಾರ್ಕ್ಸ್ ವಿಷಯದಲ್ಲಿ ಮಾತ್ರ ಜೋಪಾನ. ಪಕ್ಷದ ಮುಖಂಡರ ಮಗನೋ ಎದುರಾಳಿಯ ಮಗಳೋ ನಿಮ್ಮ ಕ್ಲಾಸಿನಲ್ಲಿದ್ದರೆ ಅವರ ವೈವಾ ಇನ್ನೊಬ್ಬ ಉಪನ್ಯಾಸಕರು ತೆಗೆದುಕೊಳ್ಳಲಿ. ಪ್ರಚಾರಕ್ಕೆ ವಿದ್ಯಾರ್ಥಿಗಳನ್ನು ಕರೆಯಬೇಡಿ, ಅವರೇ ಬರುತ್ತೇವೆ ಅಂದರೂ.

ಪ್ರಚಾರದ ಖರ್ಚನ್ನು ನಿಮ್ಮ ಫೋನ್‌ಪೇಯಿಂದ ಕೊಡಬೇಡಿ. ಶಾಮಿಯಾನದ ಮೂರು ಸಾವಿರವಾದರೂ ಸರಿ. ಅಭ್ಯರ್ಥಿಯ ಒಪ್ಪಿಗೆಯಿಂದ ಯಾರು ಖರ್ಚು ಮಾಡಿದರೂ ಅದು ಅವರ ಲೆಕ್ಕಕ್ಕೆ ಸೇರಬೇಕು. ಹಾಗೆಯೇ "ಮನೆಯಲ್ಲೇ ವಕೀಲರಿದ್ದಾರೆ" ಅಂತ ನಿಮ್ಮನ್ನೇ ಚುನಾವಣಾ ಏಜೆಂಟ್ ಮಾಡುವ ಮಾತು ಬರುತ್ತದೆ. ಕಾನೂನಿನ ಅಡ್ಡಿ ಇಲ್ಲ, ಆದರೆ ಏಜೆಂಟ್ ಮಾಡಿದ ತಪ್ಪಿಗೆ ಅಭ್ಯರ್ಥಿಯ ಆಯ್ಕೆಯೇ ರದ್ದಾಗಬಹುದು. ಆ ಭಾರ ಇನ್ನೊಬ್ಬರು ಹೊರಲಿ.

ಕೊನೆಯದಾಗಿ, ಗೆದ್ದ ಮೇಲೆ ಯಾರಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅದಕ್ಕೆ ಫಲಿತಾಂಶದಿಂದ 45 ದಿನ ಅವಕಾಶ ಇದೆ. ಆಗ ಯಜಮಾನರ ಪರ ನೀವೇ ನಿಲ್ಲಬೇಕು ಅಂತ ಆಸೆಯಾದೀತು. ನಿಲ್ಲಬೇಡಿ. ಅಫಿಡವಿಟ್ಟಿನ ಅರ್ಧ ಭಾಗ ನಿಮ್ಮದೇ ಆಸ್ತಿಯ ವಿವರ. ನಿಮ್ಮನ್ನು ಸಾಕ್ಷಿಯಾಗಿ ಕರೆಯುವ ಸಂಭವ ಹೆಚ್ಚು. ತಾನೇ ಸಾಕ್ಷಿಯಾಗುವ ಕೇಸಿನಲ್ಲಿ ವಕೀಲರು ಹಾಜರಾಗಬಾರದು ಅಂತ ಬಾರ್ ಕೌನ್ಸಿಲ್‌ನ 13ನೇ ನಿಯಮ ಇದೆ. ಬೇರೆ ವಕೀಲರನ್ನು ಈಗಲೇ ನೋಡಿಟ್ಟುಕೊಳ್ಳಿ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕು, ಬಂಗಾರದ ಬಿಲ್ಲು, ಐದು ವರ್ಷದ ರಿಟರ್ನ್ ಪ್ರತಿಗಳನ್ನು ಒಂದು ಫೈಲಿನಲ್ಲಿ ಹಾಕಿ ಟಿಕೆಟ್ ಘೋಷಣೆಗೆ ಮುಂಚೆಯೇ ಅವರ ಕೈಗೆ ಕೊಡಿ.